ಟಿಂಕರ್ ಮತ್ತು ನಾಲ್ಕು ಚಕ್ರದ ಬೈಕು

ನಾಯಿ ಇರುವ ತನಕ ಮಗುವನ್ನು ಕರೆತರುವುದಿಲ್ಲ ಎಂದು ಸೊಸೆ ಕೆಲ್ಸಿ ಸಿಡ್ನಿಯಿಂದ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು. ಎಲ್ಲೋ ಒಂದು ನಾಯಿ ಕೂಸನ್ನು ಕೊಂದ ಸುದ್ದಿ ಟಿವಿಯಲ್ಲಿ ನೋಡಿದ್ದಳಂತೆ.

"ಟಿಂಕರ್ ಆರು ವರ್ಷದಿಂದ ಕುರಿ ಕಾಯ್ತಿದಾನೆ ಕಣೇ. ಯಾರಿಗೂ ಹಲ್ಲು ತೋರಿಸಿಲ್ಲ," ಎಂದಳು ಮಾರ್ಲೀನ್.

"ಆ ನಾಯೀನೂ ತೋರ್ಸಿರ್ಲಿಲ್ವಂತೆ ಮಾರ್ಲೀನ್. ಒಂದೇ ಸಲ ಸಾಕಲ್ವಾ?"

ಮಾರ್ಲೀನ್‌ಗೆ ಸಿಟ್ಟು ಬಂತು. ಬರದೆ ಇನ್ನೇನು? ನಲವತ್ತು ವರ್ಷ ಅದೇ ಕುರಿ ಫಾರ್ಮಿನಲ್ಲಿ ಸವೆದವಳು. ಸುತ್ತಮುತ್ತ ಯಾರು ಹೇಗೆ ಸತ್ತರೆಂದು ಬಲ್ಲವಳು. ಕುದುರೆಯಿಂದ ಬಿದ್ದು ಇಬ್ಬರು, ಕುರಿಗಳ ನೀರಿನ ಹೊಂಡದಲ್ಲಿ ಮುಳುಗಿ ಒಂದು ಕೂಸು, ಜೇನು ಕಚ್ಚಿ ಒಬ್ಬ, ಕುರಿ ಅಟ್ಟಲು ಹೊಲದಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು ಮಗುಚಿ ಮೂವರು. ಆ ಮೂವರಲ್ಲಿ ಒಬ್ಬ ಅವಳ ಒಡಹುಟ್ಟಿದ ತಮ್ಮ. ನಾಯಿ ಕಚ್ಚಿ ಸತ್ತವರು ಒಬ್ಬರೂ ಇಲ್ಲ. ಆದರೆ ಲೆಕ್ಕ ಒಪ್ಪಿಸಿದರೆ ಮೊಮ್ಮಗಳು ಬರುತ್ತಾಳೆಯೇ? ಟಿಲ್ಲಿಗೆ ಆಗಲೇ ನಾಲ್ಕು ವರ್ಷ. ಅಜ್ಜಿ ಅವಳನ್ನು ನೋಡಿದ್ದು ಎರಡೇ ಸಲ.

ನಾಯಿ ಇರುವುದಿಲ್ಲ, ಬನ್ನಿ ಎಂದುಬಿಟ್ಟಳು. ತನ್ನೊಬ್ಬಳ ಮಾತಿಗೇ ಪಳಗಿದ ನಾಯಿಯನ್ನು ನೆರೆಯವರು ಯಾರೂ ಬೇಕೆನ್ನಲಿಲ್ಲ. ಆ ಸೀಮೆಯಲ್ಲಿ ಇರಿಸಿಕೊಳ್ಳಲಾಗದ ನಾಯಿಯನ್ನು ಸಾಕಿದವರೇ ಮುಗಿಸಬೇಕು. ಆ ಕೆಲಸ ಇನ್ನೊಬ್ಬರ ಕೈಗೆ ಬಿಡುವುದು ನಾಚಿಕೆಗೇಡು. ಶುಕ್ರವಾರ ಬೆಳಿಗ್ಗೆ ಟಿಂಕರ್‌ಗೆ ಹೊಟ್ಟೆ ತುಂಬ ಮಾಂಸ ಹಾಕಿ, ಬಂದೂಕು ಹಿಡಿದು ಬೇಲಿಯಾಚೆ ನಡೆದಳು. ಕೆಲಸಕ್ಕೆ ಹೊರಟೆವೆಂದುಕೊಂಡು ಅದು ಮುಂದೆ ಮುಂದೆ ಓಡಿತು. ಹೂತು ಬಂದ ಮೇಲೆ ಅಡುಗೆಮನೆಯಲ್ಲಿ ನಿಂತು ಗಳಗಳನೆ ಅತ್ತಳು.

ಮರುದಿನ ಮಧ್ಯಾಹ್ನ ಕಾರು ಬಂತು. ಕೆಲ್ಸಿ ಕಿಟಕಿಯಿಂದ ಅಂಗಳವನ್ನೆಲ್ಲ ನೋಡಿ ಆಮೇಲೆ ಇಳಿದಳು. "ಥ್ಯಾಂಕ್ಸ್ ಮಾರ್ಲೀನ್. ಈಗ ನೆಮ್ಮದಿ ಆಯ್ತು."

ಮಾರ್ಲೀನ್ ಚಹಾ ತರುವಷ್ಟರಲ್ಲಿ ಮಗ ಡ್ಯಾರಿಲ್ ಫಾರ್ಮಿನ ನಾಲ್ಕು ಚಕ್ರದ ಬೈಕು ಶುರು ಮಾಡಿದ್ದ. ಟಿಲ್ಲಿ ಅವನ ಮುಂದೆ, ಬರಿದಲೆಯಲ್ಲಿ. ಗೇಟು ತೆರೆಯಲು ಮಗುವನ್ನು ಹಾಗೆ ಕೂರಿಸಿಕೊಂಡು ಹೋಗುವುದು ಅಲ್ಲಿ ಮನೆಮನೆಯ ರೂಢಿ. ಡ್ಯಾರಿಲ್‌ನನ್ನು ಹಾಗೆ ಕೂರಿಸಿ ಬೆಳೆಸಿದವಳು ಮಾರ್ಲೀನೇ. ಕೆಲ್ಸಿ ನಗುನಗುತ್ತ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು.

ಮಾರ್ಲೀನ್ ಬೈಕಿಗೆ ಅಡ್ಡ ನಿಂತಳು. "ಇಳಿಸೋ ಅವಳ್ನ."

"ಏನಮ್ಮಾ ನೀನು! ಗೇಟಿನ ತನಕ ಅಷ್ಟೇ. ಸಾವಿರ ಸಲ ಓಡ್ಸಿದೀನಿ, ಏನಾಗಿದೆ?"

"ಟಿಂಕರ್‌ನಿಂದ ಏನಾಗಿತ್ತು ಹೇಳೋ? ನಿನ್ನೆ ಗುಂಡಿಟ್ಟು ಹೂತು ಬಂದೆ."

ಕೆಲ್ಸಿಯ ಕೈ ಕೆಳಗಿಳಿಯಿತು. "ಕೊಂದ್ರಾ? ಅಯ್ಯೋ... ಯಾರಿಗಾದ್ರೂ ಕೊಟ್ಟಿರ್ತೀರಿ ಅಂದ್ಕೊಂಡೆ."

"ಇಲ್ಲಿ ಯಾರು ತಗೋತಾರೆ? ಮಗು ಬರ್ಲಿ ಅಂತ ಕೊಂದೆ. ಬಂದ ಮಗೂನ ಈ ಬೈಕಿನಡಿಗೆ ಕೊಡಲ್ಲ."

ಡ್ಯಾರಿಲ್ ಎಂಜಿನ್ ಆರಿಸಿದ. ಕೆಲ್ಸಿಯೇ ಬಂದು ಮಗುವನ್ನು ಎತ್ತಿಕೊಂಡಳು. ಬೈಕೇ ಬೇಕೆಂದು ಟಿಲ್ಲಿ ಕಾಲು ಬಡಿದು ಕಿರುಚಿದಳು. ಯಾರೂ ಅವಳನ್ನು ಮತ್ತೆ ಕೂರಿಸಲಿಲ್ಲ.