ಕಂಬಳಿಯ ಮಡಿಕೆ

ಭಂಡಾರ ತೂರಿದ ಕೈಯನ್ನು ಸಾರಿಕಾ ಇನ್ನೂ ಕೆಳಗಿಳಿಸಿರಲಿಲ್ಲ, ಅಷ್ಟರಲ್ಲಿ ಅವಳಿಗೆ ನಗು ಬಂದುಬಿಟ್ಟಿತು. ಹೆಣದ ಮುಂದೆ ನಿಂತು ನಗುವವಳನ್ನು ಕಂಡು ತುರೋರಿ ಊರಿನ ಹೆಂಗಸರು ಕಣ್ಣು ಕೆಕ್ಕರಿಸಿದರು. ಅವಳು ಓಢಣಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂಗಳದಲ್ಲಿ ಸಿದ್ಧಾರೂಢ ಸರ್ ಕರಿ ಕಂಬಳಿ ಹೊದ್ದು ಮಲಗಿದ್ದರು. ನಿನ್ನೆ ಸಂಜೆ ಎದೆನೋವು ಅಂದವರು ಮತ್ತೆ ಏಳಲಿಲ್ಲ. ಉದಗೀರದ ಕಾಲೇಜಿನಲ್ಲಿ ಗಣಿತ ಕಲಿಸಿದರೂ ಮನೆತನ ಕುರಿಯವರದು, ಬೀರಪ್ಪನ ಒಕ್ಕಲು. ಬಂದವರೆಲ್ಲ ಮುಷ್ಟಿ ಮುಷ್ಟಿ ಅರಿಸಿನದ ಭಂಡಾರ ತೂರುತ್ತಿದ್ದರು. ಪುಡಿ ಗಾಳಿಯಲ್ಲಿ ದಿಕ್ಕುಗೆಟ್ಟು ಅಲೆದು ಎಲ್ಲೋ ಒಂದು ಕಡೆ ಕೂರುತ್ತಿತ್ತು. ಕಂಬಳಿಯೆಲ್ಲ ಹಳದಿಯಾಗಿತ್ತು. ಎದೆಯ ಮೇಲೆ ಮಡಿಚಿಕೊಂಡಿದ್ದ ಕಡೆ ಮಾತ್ರ ಮಡಿಕೆಯ ಬಾಯಲ್ಲಿ ಗಾಢ ಹಳದಿ, ಒಳಗೆ ಹೋದಷ್ಟೂ ತೆಳು, ತಳದಲ್ಲಿ ಬರೀ ಕರಿ ಉಣ್ಣೆ.

*

ಹೋದ ತಿಂಗಳು ಕಾಲೇಜಿನ ಹಲಗೆಯ ಮೇಲೆ ಸರ್, ತಮ್ಮ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಸಾರಿಕಾಳಿಗೆ ಒಂದು ಕುರಿಹಟ್ಟಿ ಬರೆದು ತೋರಿಸಿದ್ದರು. ಅದರ ಬೇಲಿ ಸೊಟ್ಟಂಬಟ್ಟ. ಮಡಿಕೆಯೊಳಗೆ ಮಡಿಕೆ, ಅದಕ್ಕೆ ಕೊನೆಯೇ ಇಲ್ಲ.

"ಕಣ್ಣು ಕಟ್ಟಿದ ಕುರಿ ನಡುವ ಬಿಟ್ಟೀವಿ ಅನ್ಕೋ. ಗುರಿ ಇಲ್ದ ತಿರುಗ್ತದ. ಬೇಲಿ ಮೊದಲ ಎಲ್ಲಿ ಮುಟ್ತದ? ಬೇಲಿಯ ಯಾವ ತುಂಡಿಗಿ ಎಷ್ಟು ಪಾಲು? ಇದೇ ಹಾರ್ಮೋನಿಕ್ ಮೆಜರ್. ಈ ಮಡಿಕಿ ತಳಕ್ಕ ಪಾಲೇ ಇಲ್ಲ, ಸೊನ್ನಿ."

"ಸೊನ್ನಿ ಹ್ಯಾಂಗ್ರೀ ಸರ್? ಸ್ವಲ್ಪರ ಸಿಕ್ಕೇ ಸಿಗ್ತದ."

"ಸಾಬೀತ ಮಾಡು."

ಇಬ್ಬರಿಂದಲೂ ಆಗಲಿಲ್ಲ, ಇಬ್ಬರೂ ಹಟ ಬಿಡಲಿಲ್ಲ. ಸಾರಿಕಾಳ ಪಿಎಚ್.ಡಿ. ಆ ಒಂದೇ ಮಾತಿಗೆ ಸಿಕ್ಕಿಕೊಂಡಿತು. ಹೊರಡುವಾಗ ಸರ್ ಹೇಳಿದ್ದರು: "ಯಾರ ಗೆದ್ರೂ, ಗೊತ್ತಾದ ಕೂಡ್ಲೇ ಬಂದು ಹೇಳು. ನಾ ಮಲಗಿದ್ರೂ ಎಬ್ಬಿಸು."

*

ಇಷ್ಟು ದಿನ ಅವಳು ಆ ಬೇಲಿಯ ಮಡಿಕೆಯ ತಳವನ್ನೇ ದಿಟ್ಟಿಸುತ್ತ ಕೂತಿದ್ದಳು. ನೋಡಬೇಕಾದದ್ದು ಗೋಡೆಗಳನ್ನು ಎಂದು ಈಗ ಸರ್ ಮೇಲಿನ ಕಂಬಳಿ ಕಂಡು ಹೊಳೆಯಿತು. ಆ ಕುರಿಯ ಹಾಗೇ ಗುರಿಯಿಲ್ಲದೆ ಒಳಗೆ ಹೊರಟ ಪುಡಿಯಲ್ಲಿ ಬಹುಪಾಲು ಬಾಯಲ್ಲೇ ಅಂಟಿಕೊಳ್ಳುತ್ತದೆ, ಉಳಿದದ್ದರಲ್ಲಿ ಬಹುಪಾಲು ಮುಂದಿನ ತಿರುವಿನಲ್ಲಿ. ತಿರುವುಗಳಿಗೆ ಕೊನೆಯಿಲ್ಲದಿದ್ದರೆ ತಳಕ್ಕೆ ಏನೂ ತಲುಪುವುದಿಲ್ಲ. ಇಷ್ಟೇ. ಸರ್ ಗೆದ್ದಿದ್ದರು, ಅವಳು ಸೋತಿದ್ದಳು, ಸೋತ ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಹೇಳಬೇಕಾದವರನ್ನು ಇನ್ನೇನು ಹೊತ್ತೊಯ್ಯುತ್ತಾರೆ.

ಸರ್ ಅವರ ಹೆಂಡತಿ ಚಂದ್ರಭಾಗಾ ಅವಳ ತೋಳು ಹಿಡಿದರು. "ಯಾಕ ನಗ್ಲಾಕತ್ತಿ, ಸಾರಿಕಾ?"

"ಕಾಕೂ, ತಪ್ಪು ತಿಳ್ಕೋಬ್ಯಾಡ್ರಿ. ಸರ್ ಜೋಡಿ ನಂದು ಹಟ ಇತ್ತಲ್ರೀ, ಅದ್ರಾಗ ಸರೇ ಗೆದ್ದಾರ. ಈಗ ಗೊತ್ತಾಯ್ತು." ಅವಳು ಮಡಿಕೆ ತೋರಿಸಿದಳು.

ಚಂದ್ರಭಾಗಾ ಬಗ್ಗಿ ನೋಡಿದರು. ಅವರಿಗೆ ಗಣಿತ ತಿಳಿಯದು, ಹಟ ತಿಳಿದಿತ್ತು. ತಿಂಗಳಿಂದ ಊಟದ ತಾಟಿನ ಮುಂದೆ ಅದೇ ಮಾತು.

"ಹಂಗಾರ ನನಗ್ಯಾಕ ಹೇಳ್ತಿ? ಅವರ ಕಿವ್ಯಾಗ ಹೇಳು. ಮಂದಿ ಏನರ ಅನ್ಲಿ."

ಸಾರಿಕಾ ಮೊಣಕಾಲೂರಿ, ತಣ್ಣಗಿನ ಕಿವಿಯ ಹತ್ತಿರ ಬಾಯಿಟ್ಟು, "ಸರ್, ಏಳ್ರಿ" ಅಂದಳು. ಆಮೇಲೆ ಒಂದು ಮಾತೂ ಬಿಡದೆ, ಗಡಿಬಿಡಿಯಲ್ಲಿ, ಎಲ್ಲವನ್ನೂ ಹೇಳಿದಳು. ಅಳು ಬಂದದ್ದು ಹೇಳಿ ಮುಗಿದ ಮೇಲೆ, ಅವರು ಎಂದಿನಂತೆ "ಮತ್ತೊಮ್ಮಿ ಹೇಳು" ಅನ್ನದಿದ್ದಾಗ.

ಹೊರುವವರು ಬಂದರು. ಸರ್ ಅವರ ತಮ್ಮ ಬಕ್ಕಪ್ಪ ಕಂಬಳಿಯನ್ನು ನೆಟ್ಟಗೆ ಮಾಡಲು ಕೈ ಹಾಕಿದ.

"ಮಡಿಕಿ ಬಿಚ್ಚಬ್ಯಾಡ, ಬಕ್ಕಪ್ಪ," ಅಂದರು ಚಂದ್ರಭಾಗಾ. "ಅದು ಅವರು ಗೆದ್ದದ್ದು."

ಸಿದ್ಧಾರೂಢ ಸರ್ ಹೊರಟರು. ಅಂಗಳ, ಜನ, ಕಂಬಳಿ ಎಲ್ಲ ಹಳದಿ. ಅವರ ಎದೆಯ ಮೇಲೆ, ಮಡಿಕೆಯ ತಳದಲ್ಲಿ, ಒಂದು ಕಪ್ಪು ಗೆರೆ.