ಚಿತ್ತು ಹೊಡೆದ ಸಾಲು

ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು, ಪಂಕಜಮ್ಮ. ಉತ್ತರ ಪತ್ರಿಕೆಯ ಮೊದಲ ನಾಲ್ಕು ಸಾಲು ಓದಿದರೆ ಸಾಕು, ಯಾರು ಯಾರದನ್ನು ನೋಡಿ ಬರೆದಿದ್ದಾರೆಂದು ಹೇಳಿಬಿಡುತ್ತಿದ್ದೆ. ಇದು ಜಂಬದ ಮಾತಲ್ಲ. ಜಂಬವೇ ಆದರೂ ಇರಲಿ, ನಿವೃತ್ತಿಯಾದ ಮೇಲೆ ಮೇಷ್ಟರುಗಳಿಗೆ ಉಳಿಯುವುದೇ ಅದೊಂದು.

ಹಾಗಾಗಿ ‘ಟೇಲ್‌ಎಂಡ್’ ತಂಡದ ಮೂರನೇ ಆಲ್ಬಂ ಬಂದು, ಆ ಹಾಡುಗಳನ್ನು ಬರೆದವರು ಯಾರೆಂದು ಅಭಿಮಾನಿಗಳಲ್ಲಿ ಜಗಳ ಹತ್ತಿಕೊಂಡಾಗ, ತೀರ್ಪು ಹೇಳಬೇಕಾದವಳು ನಾನೇ ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ.

ಟೇಲ್‌ಎಂಡ್ ಎಂದರೆ ಕಿರುಗಾವಲಿನ ಕಡೆಯ ನಾಲ್ಕು ಜನ. ಎರಡು ಗಿಟಾರು, ಒಂದು ತಮಟೆ, ಒಂದು ಹಳೇ ಕೀಬೋರ್ಡು. ನಾಲೆಯ ನೀರು ಕಟ್ಟಕಡೆಗೆ ತಲುಪುವ ಜಮೀನಿಗೆ ನಮ್ಮಲ್ಲಿ ಟೇಲ್‌ಎಂಡ್ ಅನ್ನುತ್ತಾರೆ, ಅದನ್ನೇ ಹೆಸರಿಟ್ಟುಕೊಂಡಿದ್ದಾರೆ. ಸಿನಿಮಾಗೆ ಹಾಡುವುದಿಲ್ಲ, ಟೀವಿಯಲ್ಲಿ ಕಾಣುವುದಿಲ್ಲ. ಆದರೂ ಮದ್ದೂರಿನಿಂದ ಬೆಳಕವಾಡಿಯವರೆಗೆ ಅವರ ಹಾಡೆಂದರೆ ಊಟ ಬಿಡುವವರಿದ್ದಾರೆ. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಚಿಲ್ಲರೆ ಜನ. ಅರವತ್ತೈದು ದಾಟಿದವಳು ನಾನೊಬ್ಬಳೇ. ಎಲ್ಲರಿಗಿಂತ ಹೆಚ್ಚು ಜಗಳವಾಡುವವಳೂ ನಾನೇ ಎಂದು ಹುಡುಗರು ಹೇಳುತ್ತಾರೆ, ಹೇಳಿಕೊಳ್ಳಲಿ.

ಮೊದಲ ಎರಡು ಆಲ್ಬಂಗಳ ಮೇಲೆ ‘ಸಾಹಿತ್ಯ: ವಂಶಿ, ಸಂಗೀತ: ಸ್ವಾಮಿ’ ಎಂದು ಸ್ಪಷ್ಟವಾಗಿತ್ತು. ಇಬ್ಬರೂ ತಂಡದಲ್ಲಿ ಹಾಡುವವರು, ನನ್ನ ಕೈಯಲ್ಲೇ ಓದಿದವರು. ವಂಶಿ ನಮ್ಮ ಶಾಲೆಯ ಗಣಿತದ ಮೇಷ್ಟರು ರಾಮಾನುಜ ಅವರ ಮಗ. ಆಗ ನಾನೂ ಮಳವಳ್ಳಿಯಲ್ಲಿದ್ದೆ, ಅಲ್ಲಿಂದ ಕಿರುಗಾವಲಿನ ಶಾಲೆಗೆ ಅಪ್ಪ, ಮಗ, ನಾನು ಮೂವರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಸ್ವಾಮಿ ಬೋರಯ್ಯನ ಮಗ, ಗದ್ದೆ ಮಾಡುವ ಮನೆಯವನು, ಈಗ ಕಿರುಗಾವಲಿನಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೂರನೇ ಆಲ್ಬಂ ‘ನೀರು ಬಂತಾ’ ಆನ್‌ಲೈನಿನಲ್ಲಿ ಬಂದಾಗ ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಬರೀ ‘ಟೇಲ್‌ಎಂಡ್’ ಎಂದಿತ್ತು. ಜಗಳಕ್ಕೆ ಅಷ್ಟೇ ಸಾಕಾಯಿತು.

ಭಾನುವಾರ ಬೆಳಿಗ್ಗೆ ಮದ್ದೂರಿನಲ್ಲಿ ಸಂತೋಷ್‌ನ ಫೋಟೊ ಸ್ಟುಡಿಯೋ ಮಹಡಿಯ ಮೇಲೆ ನಾವು ಹದಿನೈದು ಜನ ಸೇರಿದ್ದೆವು. ಮುಂದಿನ ಭಾನುವಾರ ಮಂಡ್ಯದಲ್ಲಿ ಆಲ್ಬಂ ಬಿಡುಗಡೆಯ ಸಮಾರಂಭ, ತಂಡದವರು ಅಲ್ಲಿ ಹಾಡುವವರಿದ್ದರು. ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಹಾಡು, ಅದರಲ್ಲೂ ಎರಡೇ ಸಾಲು:

ಮೇಲಿನೋರ ಗದ್ದೆ ಕುಡಿದು ಮಿಕ್ಕ ನೀರು,
ನಮ್ಮ ಗದ್ದೆಗೆ ಬರೋ ಹೊತ್ತಿಗೆ ನೀರಿಗೇ ಬಾಯಾರಿಕೆ.

ಇಂಥ ಸಾಲು ವಂಶಿಯಲ್ಲದೆ ಇನ್ಯಾರು ಬರೆದಾರು ಎಂದೆ. ಅರ್ಧ ಜನ ತಲೆಯಾಡಿಸಿದರು. ಆದರೆ ಸ್ಪಂದನಾ ಎಂಬ ಹುಡುಗಿ ಒಪ್ಪಲಿಲ್ಲ. ವಿ.ಸಿ. ಫಾರಂ ಕಾಲೇಜಿನಲ್ಲಿ ಕೃಷಿ ಓದುತ್ತಿದ್ದಾಳೆ, ನನ್ನಷ್ಟೇ ಮೊಂಡಿ. ಮೂರನೆಯದಿರಲಿ, ಮೊದಲ ಎರಡು ಆಲ್ಬಂಗಳ ಮಾತೂ ಸ್ವಾಮಿಯದೇ ಎಂಬುದು ಅವಳ ವಾದ. ಗದ್ದೆಯ ಬದುವಿನಲ್ಲಿ ನೀರು ಬಿಡುವ ಕಿಂಡಿಗೆ ಮಡೆ ಅನ್ನುತ್ತಾರಲ್ಲ, ಅದನ್ನೇ ಹಿಡಿದುಕೊಂಡಳು.

“ಮಡೆ ಕಿತ್ತುಹೋದಾಗ ಬರೀ ಮಣ್ಣು ಹಾಕಿದ್ರೆ ನಿಲ್ಲಲ್ಲ, ಹುಲ್ಲು ಸೇರಿಸಿ ತುಳೀಬೇಕು ಅಂತ ಹಾಡಲ್ಲಿ ಬರುತ್ತೆ ಮೇಡಂ. ಮಳವಳ್ಳಿ ದೇವಸ್ಥಾನದ ಬೀದೀಲಿ ಬೆಳೆದೋರಿಗೆ ಅದು ಹೆಂಗೆ ಗೊತ್ತಾಗುತ್ತೆ?”

ಕವಿಯಾಗಲು ಕಾಲಿಗೆ ಕೆಸರು ಮೆತ್ತಿಕೊಳ್ಳಬೇಕಾಗಿಲ್ಲ, ಕಿವಿಯಿದ್ದರೆ ಸಾಕು ಎಂದು ಗದರಿದೆ. ಅವಳು ಹೆದರಲಿಲ್ಲ. ನನಗೆ ರೇಗಿತು. ರೇಗಿದಾಗ ನಾನು ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸುವವಳಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾತನ್ನು ತೆಗೆದೆ. ಇಬ್ಬರೂ ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಕವನ ಸ್ಪರ್ಧೆ ಇಟ್ಟಿದ್ದೆ, ವಿಷಯ ‘ನೀರು’, ಮನೆಯಲ್ಲಿ ಬರೆದು ತರಬೇಕು. ವಂಶಿ ಬರೆದದ್ದಕ್ಕೆ ಮೊದಲ ಬಹುಮಾನ ಕೊಟ್ಟೆ. ಸ್ವಾಮಿ ಅದೇ ಕವನವನ್ನು ಸಾಲು ಸಾಲೂ ಕದ್ದು ಬರೆದು ತಂದಿದ್ದ. ಸೊನ್ನೆ ಹಾಕಿದೆ. ಎರಡೂ ಹಾಳೆ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿವೆ, ಮಂಡ್ಯಕ್ಕೆ ತಂದು ಎಲ್ಲರಿಗೂ ತೋರಿಸುತ್ತೇನೆ. ಹೀಗೆಂದು ಹದಿನೈದು ಜನರ ಮುಂದೆ ಹೇಳಿದೆ.

ತನ್ನಿ ಮೇಡಂ ನೋಡೋಣ, ಎಂದಷ್ಟೇ ಸ್ಪಂದನಾ ಅಂದಳು.

ಸಂಜೆಯ ಹೊತ್ತಿಗೆ ಮಾತು ಗುಂಪಿಗೆ ಹೋಗಿ ಮುನ್ನೂರು ಜನಕ್ಕೆ ತಲುಪಿತ್ತು. ಸ್ವಾಮಿ ಚಿಕ್ಕಂದಿನಿಂದಲೂ ಕಳ್ಳನಂತೆ ಎಂದೊಬ್ಬ. ವಂಶಿಯ ಹೆಸರನ್ನೂ ಇವನೇ ತೆಗೆಸಿರಬೇಕು ಎಂದು ಇನ್ನೊಬ್ಬ. ಮಂಡ್ಯದಲ್ಲಿ ಅವನು ಮೈಕು ಹಿಡಿಯಲಿ, ಕೇಳಿಯೇ ಬಿಡೋಣ ಎಂದು ಮತ್ತೊಬ್ಬ. ಓದಿದೆ. ನನಗೇನೂ ಅನ್ನಿಸಲಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದೇನೆ ಎಂದುಕೊಂಡು ಊಟ ಮಾಡಿ ಮಲಗಿದೆ.

ಸೋಮವಾರ ಬೆಳಿಗ್ಗೆ ಕಾಫಿ ಕುಡಿದು ಪೆಟ್ಟಿಗೆ ತೆರೆದೆ. ಹಾಳೆಗಳು ಸಿಕ್ಕವು. ಒಂದೇ ಗುಂಡುಸೂಜಿಯಲ್ಲಿ ಎರಡನ್ನೂ ಚುಚ್ಚಿಟ್ಟಿದ್ದೆ, ಸೂಜಿ ತುಕ್ಕು ಹಿಡಿದಿತ್ತು. ಮೇಲೆ ವಂಶಿಯದು, ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು. ಕೆಳಗೆ ಸ್ವಾಮಿಯದು. ಕೆಂಪು ಸೊನ್ನೆ, ಅದರ ಕೆಳಗೆ ನನ್ನದೇ ಕೈಬರಹದಲ್ಲಿ ‘ನಕಲು. ಬರಹವೂ ಕೊಳಕು.’

ಕೊಳಕಾಗಿತ್ತು, ನಿಜ. ಎರಡನೇ ಸಾಲಿನಲ್ಲಿ ಒಂದು ಪದ ಬರೆದು ಹೊಡೆದುಹಾಕಿ, ಮತ್ತೊಂದು ಬರೆದು ಅದನ್ನೂ ಹೊಡೆದು, ಮೂರನೆಯದನ್ನು ಮೇಲೆ ತುರುಕಿದ್ದ. ಆ ಮೂರನೇ ಪದವೇ ವಂಶಿಯ ಹಾಳೆಯಲ್ಲಿ ಚೊಕ್ಕವಾಗಿ ಕೂತಿತ್ತು. ಎಂಟನೇ ಸಾಲಿನ ಹತ್ತಿರ ಬಂದಾಗ ಕನ್ನಡಕ ಒರೆಸಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಹಾಳೆಯಲ್ಲೂ ಅಲ್ಲಿ ‘ಓ ನೀರೇ, ನಮ್ಮೆಡೆಗೂ ಕರುಣೆಯ ತೋರೆ’ ಎಂದಿತ್ತು. ಪುಸ್ತಕದ ಸಾಲು. ನಾನು ತರಗತಿಯಲ್ಲಿ ಮೆಚ್ಚುತ್ತಿದ್ದಂಥದ್ದು. ಆದರೆ ಸ್ವಾಮಿಯ ಹಾಳೆಯಲ್ಲಿ ಅದರ ಮೇಲೊಂದು ಸಾಲಿತ್ತು, ಮೂರು ಗೆರೆ ಎಳೆದು ಹೊಡೆದುಹಾಕಿದ್ದ. ಗೆರೆಗಳ ಕೆಳಗೆ ಅಕ್ಷರಗಳು ಕಾಣುತ್ತಿದ್ದವು.

ನಮ್ಮ ಗದ್ದೆಗೆ ಬರೋ ಹೊತ್ತಿಗೆ ನೀರಿಗೇ ಬಾಯಾರಿಕೆ.

ಮೌಲ್ಯಮಾಪನಕ್ಕೆ ಬರುವ ಹೊಸ ಮೇಷ್ಟರುಗಳಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಒಂದಿದೆ. ನಕಲು ಮಾಡುವವನು ತಡವರಿಸುವುದಿಲ್ಲ, ಯೋಚಿಸಿ ಬರೆಯುವವನೇ ಹೊಡೆದು ತಿದ್ದುವವನು. ಊರಿಗೆಲ್ಲ ಹೇಳಿದ ಆ ಪಾಠವನ್ನು ಅವತ್ತು ನಾನೇ ಪಾಲಿಸಿರಲಿಲ್ಲ. ಹಾಳೆಗಳನ್ನು ಅಕ್ಕಪಕ್ಕ ಇಡುವ ಮುಂಚೆಯೇ ತೀರ್ಮಾನ ಮಾಡಿಯಾಗಿತ್ತು. ಅಳ್ಳಿ, ಊವು ಎಂದು ಮಾತಾಡುವ ಹುಡುಗನಿಗೆ ಇಂಥದ್ದೆಲ್ಲಿ ಬರುತ್ತದೆ ಎಂದುಕೊಂಡಿದ್ದೆ. ವಂಶಿ ನಮ್ಮವರ ಮಗ, ನನ್ನ ಡಬ್ಬಿಯ ಪುಳಿಯೋಗರೆ ತಿಂದು ಬೆಳೆದವನು. ಅದು ಕಾರಣವಲ್ಲ ಎಂದು ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ, ಅದೇ ಕಾರಣ.

ಇನ್ನೊಂದು ನೆನಪೂ ಬಂತು, ಇದಕ್ಕಿಂತ ಕೆಟ್ಟದ್ದು. ಸ್ವಾಮಿಯ ತಾಯಿ ಚಲುವಮ್ಮನನ್ನು ಅವತ್ತು ಶಾಲೆಗೆ ಕರೆಸಿದ್ದೆ. ನಾಟಿ ಕೆಲಸದಿಂದ ನೇರವಾಗಿ ಬಂದಿದ್ದಳು, ಮೊಣಕಾಲಿನವರೆಗೆ ಕೆಸರು. ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆ, ನಿಮ್ಮ ಮಗ ಕದ್ದಿದ್ದಾನೆ ಎಂದೆ. ನನ್ನ ಮಗ ಕದಿಯುವವನಲ್ಲ ಎಂದು ಒಂದೇ ಮಾತು ಹೇಳಿ ಅವಳು ನಿಂತೇ ಇದ್ದಳು. ಕೂತುಕೋ ಅನ್ನುವುದಕ್ಕೂ ನನಗೆ ತೋಚಿರಲಿಲ್ಲ. ಪಕ್ಕದ ಕುರ್ಚಿಯಲ್ಲೇ ರಾಮಾನುಜ ಮೇಷ್ಟರು ಕೂತಿದ್ದರು, ಬಾಗಿಲ ಹೊರಗೆ ವಂಶಿ ನಿಂತಿದ್ದ. ಅವನು ಬಾಯಿಬಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕಿರುಗಾವಲಿಗೆ ಇನ್ನೊಂದು. ಹಾಳೆಗಳೂ ಕೆಂಪು ಪೆನ್ನೂ ಕೈಚೀಲದಲ್ಲಿದ್ದವು. ಹೇಗೆ ಮಾತು ತೆಗೆಯುವುದೆಂದು ನಾನು ಯೋಚಿಸಲಿಲ್ಲ. ತಪ್ಪು ಮಾಡಿದವರು ತಿದ್ದಿಕೊಳ್ಳಬೇಕು, ಮಕ್ಕಳಿಗೆ ಹೇಳಿದ್ದನ್ನೇ ನಾನು ಮಾಡಬೇಕು, ಅದಕ್ಕೆ ಪೀಠಿಕೆ ಬೇಕಾಗಿಲ್ಲ.

ಸ್ವಾಮಿ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಪಕ್ಕದಲ್ಲಿ ಚಲುವಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ತಲೆ ಪೂರಾ ಬೆಳ್ಳಗಾಗಿದೆ. ನನ್ನ ಮುಖ ನೋಡಿ ಸೆರಗು ಸರಿ ಮಾಡಿಕೊಂಡು ಮತ್ತೆ ಅವರೆಕಾಯಿಗೆ ತಿರುಗಿದರು. ವಾಟ್ಸಾಪಿನದು ಇವರಿಗೂ ಮುಟ್ಟಿದೆ ಎಂದು ತಿಳಿಯಿತು. ಸ್ವಾಮಿ ಸ್ಟೂಲು ಒರೆಸಿ ಕೂತುಕೊಳ್ಳಿ ಎಂದ. ಕೂರುವುದಿಲ್ಲ ಎಂದೆ. ಹಾಳೆಗಳನ್ನು ಮೋಟರಿನ ಪಕ್ಕ ಇಟ್ಟು, ಹೊಡೆದುಹಾಕಿದ ಸಾಲಿನ ಮೇಲೆ ಬೆರಳಿಟ್ಟೆ.

“ಈ ಸಾಲನ್ನ ಯಾಕೆ ಹೊಡೆದೆ?”

ಅವನು ಬಗ್ಗಿ ಹಾಳೆ ನೋಡಿದ. “ಬರೋ ಅಂತ ಬರುದ್ರೆ ನೀವು ಗ್ರಾಮ್ಯ ಅಂತ ಮಾರ್ಕ್ಸ್ ಕಳೀತಿದ್ರಿ ಮೇಡಂ. ಅದಕ್ಕೆ ಒಡ್ದಾಕ್ದೆ.”

ಕದ್ದವನು ವಂಶಿ ಎಂದು ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೇಷ್ಟರ ಮಗನ ಮೇಲೆ ಹೇಳಿದ್ದರೆ ಯಾರು ನಂಬುತ್ತಿದ್ದರು ಎಂದ. ಸ್ಪರ್ಧೆಯ ಹಿಂದಿನ ದಿನ ಸಂಜೆ ನೋಡಿ ಕೊಡುತ್ತೇನೆಂದು ವಂಶಿ ಹಾಳೆ ತೆಗೆದುಕೊಂಡು ಹೋಗಿದ್ದನಂತೆ. ಮೊದಲ ಆಲ್ಬಂ ಮಾಡುವಾಗ ಇವನ ಕೈ ಹಿಡಿದು ಅತ್ತು ಎಲ್ಲವನ್ನೂ ಒಪ್ಪಿಕೊಂಡನಂತೆ. ಹಾಗಾದರೆ ಸಾಹಿತ್ಯ ವಂಶಿ ಎಂದು ಯಾಕೆ ಹಾಕಿಸಿದಿರಿ ಎಂದೆ.

“ಅವ್ನು ನಿನ್ ಎಸ್ರೇ ಆಕು ಅಂದ. ನಾನೇ ಬ್ಯಾಡ ಅಂದೆ ಮೇಡಂ. ವಂಶಿ ಬರ್ದ ಅಂದ್ರೆ ಕವಿತೆ ಅಂತಾರೆ. ನಾನ್ ಬರ್ದೆ ಅಂದ್ರೆ ಎಲ್ಲಿಂದ ಎತ್ಕೊಂಡೆ ಅಂತಾರೆ. ಮೊದ್ಲು ಅಂಗಂದೋರು ನೀವೇ ಅಲ್ವಾ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಈ ಸಲ ತನ್ನ ಹೆಸರು ತೆಗೆಯದಿದ್ದರೆ ಹಾಡುವುದಕ್ಕೇ ಬರುವುದಿಲ್ಲ ಎಂದು ವಂಶಿ ಹಟ ಹಿಡಿದನಂತೆ, ಇವನಿಗೆ ತನ್ನ ಹೆಸರು ಹಾಕಿಸಲು ಧೈರ್ಯ ಬರಲಿಲ್ಲವಂತೆ, ಹಾಗಾಗಿ ಇಬ್ಬರದನ್ನೂ ಬಿಟ್ಟರಂತೆ. ನಾವು ಮಹಡಿಯ ಮೇಲೆ ಕೂತು ವಡೆ ತಿನ್ನುತ್ತಾ ಕಿತ್ತಾಡಿದ್ದು ಇದಕ್ಕೆ.

ಭಾನುವಾರಕ್ಕೆ ಹಾಡಿನ ಪುಸ್ತಕ ಅಚ್ಚಿಗೆ ಹೋಗಿದೆಯೇ ಎಂದು ಕೇಳಿದೆ. ಸಂಜೆ ಹೋಗುತ್ತದೆ ಎಂದ. ‘ಸಾಹಿತ್ಯ: ಸ್ವಾಮಿ’ ಎಂದು ಹಾಕಿಸು, ಇಲ್ಲದಿದ್ದರೆ ಮಂಡ್ಯದಲ್ಲಿ ವೇದಿಕೆ ಹತ್ತಿ ನಾನೇ ಹೇಳುತ್ತೇನೆ ಎಂದೆ. ಹಾಳೆಗಳ ಫೋಟೊ ಗುಂಪಿಗೆ ಹಾಕಲು ಒಪ್ಪಿಗೆ ಕೇಳಿದೆ. ಅವನು ತಾಯಿಯ ಕಡೆ ನೋಡಿ, ಹಾಕಿ ಎಂದ.

ಹಾಕುವ ಮುಂಚೆ ಮಾಡಬೇಕಾದ ಕೆಲಸ ಒಂದಿತ್ತು. ಕೆಂಪು ಪೆನ್ನು ತೆಗೆದು ಸೊನ್ನೆಯ ಮೇಲೆ ಗೆರೆ ಎಳೆದೆ. ‘ನಕಲು’ ಎಂಬುದನ್ನೂ ಹೊಡೆದೆ. ಪಕ್ಕದಲ್ಲಿ ಇಪ್ಪತ್ನಾಲ್ಕು ಎಂದು ಬರೆದೆ. ಅಂಕ ತಿದ್ದಿದರೆ ತಿದ್ದಿದವರು ಪಕ್ಕದಲ್ಲಿ ಸಹಿ ಮಾಡಿ ತಾರೀಕು ಹಾಕಬೇಕು, ಅದು ನಿಯಮ. ಹಾಕಿದೆ. ಒಂದು ಮಾರ್ಕು ಎಲ್ಲಿ ಹೋಯಿತು ಮೇಡಂ ಎಂದು ಸ್ವಾಮಿ ಕೇಳಿದ. ಒಳ್ಳೇ ಸಾಲನ್ನು ಹೊಡೆದುಹಾಕಿದ್ದಕ್ಕೆ ಎಂದೆ. ಅವನು ನಗಲು ನೋಡಿದ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಚಲುವಮ್ಮ ಓದಲು ಬಾರದವರು. ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಏನಂತೆ ಅದರಲ್ಲಿ ಎಂದು ಮಗನನ್ನು ಕೇಳಿದರು.

“ನಾನು ಕದ್ದಿರ್ನಿಲ್ವಂತೆ ಕಣವ್ವ,” ಎಂದ ಸ್ವಾಮಿ.

ಚಲುವಮ್ಮ ನನ್ನ ಕಡೆ ತಿರುಗಿದರು.

“ಅದ ನಾನು ಅವತ್ತೇ ಯೋಳಿದ್ನಲ್ಲ ಮೇಡಮ್ಮೋರೆ,” ಎಂದರು. ಆಮೇಲೆ ಸ್ಟೂಲನ್ನು ನನ್ನ ಹತ್ತಿರಕ್ಕೆ ತಳ್ಳಿದರು. “ಕುಂತ್ಕಳಿ. ಅವತ್ತು ನಾನು ಬಾಳ ಒತ್ತು ನಿಂತಿದ್ದೆ, ಕಾಲು ನೋಯ್ತವೆ ನಿಂತ್ರೆ.”