ಪುಟ್ಟಿಯ ಬಾಯಲ್ಲಿ ಗುಂಡುಸೂಜಿ

ಬೀದಿಯ ತಿರುವಿನಲ್ಲಿ ತಾಯಿ ಮಗಳ ಟೈಲರಿಂಗ್ ಅಂಗಡಿ. ಎರಡು ಹೊಲಿಗೆ ಮೆಷಿನ್, ಬಟ್ಟೆ ಕತ್ತರಿಸುವ ಒಂದು ಮೇಜು, ಹಿಂದೆ ಪರದೆ ಕಟ್ಟಿದ ಚಿಕ್ಕ ಕೋಣೆ. ತಾಯಿಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಮಗಳು ಪುಟ್ಟಿ. ಬಟ್ಟೆಯ ಅಂಚು ಮಡಿಸುವಾಗ ನಾಲ್ಕೈದು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡಿರುವುದು ಅವಳ ಅಭ್ಯಾಸ. ಬಾಯಲ್ಲಿ ಸೂಜಿ ಇದ್ದವರನ್ನು ಯಾರು ಮಾತಾಡಿಸುತ್ತಾರೆ ಹೇಳಿ? ಅವಳಿಗೆ ಬೇಕಾಗಿದ್ದೂ ಅದೇ.

ಒಂದೂವರೆ ವರ್ಷದ ಹಿಂದೆ ಬಟ್ಟೆಯ ಗಂಟು ಹೊತ್ತು ಮೆಟ್ಟಿಲಿಳಿಯುವಾಗ ಅವಳು ಕಾಲು ಜಾರಿ ಬಿದ್ದಳು. ಮೇಲಿನ ಎದುರು ಹಲ್ಲು ಎರಡು ಹೋದವು. ತೆಗೆದು ಹಾಕುವ ಹಲ್ಲಿನ ಸೆಟ್ಟು ಮಾಡಿಸಿದರು, ಅದು ಸಡಿಲವಾಗಿತ್ತು. ಒಂದು ದಿನ ಗಿರಾಕಿಯ ಗೌನಿನ ಅಂಚು ಹಿಡಿದು ಬಗ್ಗಿದ್ದಾಗ ಸೆಟ್ಟು ಕಳಚಿ ಆಕೆಯ ಚಪ್ಪಲಿಯ ಮೇಲೇ ಬಿತ್ತು. ಆಕೆ ಕಿಸಕ್ಕನೆ ನಕ್ಕಳು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ನಕ್ಕಳು. ಅವತ್ತೇ ಪುಟ್ಟಿ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಳು.

ಆಮೇಲೆ ಗೆಳತಿಯರ ಫೋನು ಬಂದರೆ ಎತ್ತಲಿಲ್ಲ. ಮಧ್ಯಾಹ್ನ ಪರದೆಯ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ಊಟ ಮಾಡಿದಳು. ಅಂಗಡಿಯ ದೊಡ್ಡ ಕನ್ನಡಿಗೆ ಬೆನ್ನು ಹಾಕಿ ಕೂತಳು. ಟೈಲರಮ್ಮ ಮಾತ್ರ ಬಂದವರ ಮುಂದೆಲ್ಲ, "ನಮ್ಮ ಪುಟ್ಟಿ ಮಹಾ ಗಂಭೀರ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ" ಎಂದು ಹೊಗಳಿಕೊಳ್ಳುತ್ತಿದ್ದಳು. ಮೂರು ಮೊಳ ದೂರದಲ್ಲಿ ಕೂತ ಮಗಳ ಸಂಕಟ ಹೆತ್ತವಳಿಗೇ ಕಾಣಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ದಿನ ಹಲ್ಲಿನ ಆಸ್ಪತ್ರೆಯ ನರ್ಸಮ್ಮ ತಮ್ಮ ಬಿಳಿ ಕೋಟು ಬಿಗಿಯಾಯಿತೆಂದು ಸಡಿಲ ಮಾಡಿಸಲು ಬಂದರು. ಪುಟ್ಟಿ ಪಿನ್ನು ಹಾಕಿ ಮುಗಿಸಿದ್ದಳು. ಉಳಿದ ಸೂಜಿಗಳು ಬಾಯಲ್ಲೇ ಇದ್ದವು.

"ಕೆಲ್ಸ ಮುಗೀತಲ್ಲಮ್ಮ, ಸೂಜಿ ತೆಗೀಬಾರ್ದಾ? ಕೆಮ್ಮು ಬಂದು ನುಂಗಿಬಿಟ್ರೆ ಏನು ಗತಿ?" ಎಂದರು ನರ್ಸಮ್ಮ.

ಪುಟ್ಟಿ ತಲೆ ತಗ್ಗಿಸಿದಳು. ಟೈಲರಮ್ಮನೇ ಉತ್ತರ ಕೊಟ್ಟಳು. "ಎದುರು ಹಲ್ಲು ಹೋಗಿದೆ ನರ್ಸಮ್ಮ. ಏನ್ಮಾಡೋದು, ಹಣೆಬರಹ."

"ಹಣೆಬರಹ ಅಂತ ಕೂತ್ರೆ ನಮ್ಮ ಆಸ್ಪತ್ರೆ ಯಾಕ್ರೀ ಇರ್ಬೇಕು? ಡಾಕ್ಟರಿಗೆ ತೋರ್ಸಿ, ಇಂಪ್ಲಾಂಟ್ ಆಗುತ್ತಾ ಕೇಳಿ. ದವಡೆ ಮೂಳೆ ಒಳಗೆ ಹಲ್ಲಿನ ಬೇರಿನ ಹಾಗೆ ಒಂದು ಚಿಕ್ಕ ಸ್ಕ್ರೂ ಕೂರಿಸ್ತಾರೆ. ಅದನ್ನ ಮೂಳೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಕೆಲವು ತಿಂಗಳು ಬೇಕು. ಆಮೇಲೆ ಅದರ ಮೇಲೆ ಹಲ್ಲು ಕೂರಿಸ್ತಾರೆ. ಸೆಟ್ಟಿನ ಹಾಗೆ ದಿನಾ ತೆಗೆದು ಹಾಕೋ ಗೋಜಿಲ್ಲ."

"ಸ್ಕ್ರೂನಾ! ಅದೂ ಮೇಲಿನ ದವಡೆಗಾ! ಬೇಡವೇ ಬೇಡ. ಮೇಲಿನ ಹಲ್ಲಿನ ನರ ಸೀದಾ ಕಣ್ಣಿಗೆ ಹೋಗುತ್ತಂತೆ. ನಾನು ಮೇಲಿನ ದವಡೆ ಹಲ್ಲು ಕೀಳಿಸಿದ ವರ್ಷವೇ ದಾರ ಪೋಣಿಸೋಕಾಗ್ದೆ ಕನ್ನಡಕ ಬಂತು. ಹಲ್ಲಿಲ್ದೆ ಹೊಲೀಬಹುದು. ಕಣ್ಣಿಲ್ದೆ ನನ್ನ ಮಗಳು ಏನು ಮಾಡ್ಬೇಕು?"

"ಆಗ ನಿಮಗೆಷ್ಟು ವಯಸ್ಸು?"

"ನಲವತ್ತಮೂರು."

"ನಲವತ್ತು ದಾಟಿದ್ರೆ ಹತ್ತಿರದ್ದು ಮಂಜಾಗೋದು ಎಲ್ಲರಿಗೂ ಇದ್ದದ್ದೇ ಕಣ್ರೀ. ನಮ್ಮ ಯಜಮಾನ್ರಿಗೆ ಮೂವತ್ತೆರಡು ಹಲ್ಲೂ ಗಟ್ಟಿ. ಕನ್ನಡಕ ಇಲ್ದಿದ್ರೆ ಪೇಪರ್ ತಲೆಕೆಳಗೆ ಹಿಡ್ಕೊಂಡು ಓದ್ತಾರೆ! ಹಲ್ಲಿನ ನರ ಬೇರೆ, ನೋಟದ ನರ ಬೇರೆ."

"ಇರ್ಬಹುದು. ಆದ್ರೂ ಬೇಡ. ಹೇಗೋ ನಡೀತಿದೆಯಲ್ಲ."

ಆಗ ಪುಟ್ಟಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಏನು ನಡೀತಿದೆ ಅಮ್ಮ? ನಾನು ಗಂಭೀರ ಅಲ್ಲ. ನಂಗೆ ನಾಚಿಕೆ. ಒಂದೂವರೆ ವರ್ಷದಿಂದ ಒಬ್ಬಳೇ ಊಟ ಮಾಡ್ತಿದ್ದೀನಿ. ನಿನ್ನ ಪಕ್ಕದಲ್ಲೇ ಕೂತು ಒಬ್ಬಳೇ ಇದ್ದೀನಿ."

ಮಗಳ ದನಿಯನ್ನು ಇಷ್ಟು ಹೊತ್ತು ಕೇಳಿ ಎಷ್ಟು ಕಾಲವಾಯಿತೆಂದು ಟೈಲರಮ್ಮನಿಗೆ ನೆನಪಾಗಲಿಲ್ಲ. "ತುಂಬಾ ನೋವಾಗುತ್ತಾ ನರ್ಸಮ್ಮ?" ಎಂದಷ್ಟೇ ಕೇಳಿದಳು.

"ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ. ಆಮೇಲೆ ನಾಲ್ಕು ದಿನ ಊತ, ನೋವು ಇರ್ಬಹುದು, ಅದಕ್ಕೆ ಮಾತ್ರೆ ಇದೆ. ಮೊದಲು ಎಕ್ಸ್‌ರೇ ತೆಗೆದು ಮೂಳೆ ನೋಡ್ತಾರೆ. ಹಲ್ಲಿಲ್ಲದ ಜಾಗದ ಮೂಳೆ ಬರ್ತಾ ಬರ್ತಾ ಸವೆಯುತ್ತೆ. ತಡ ಮಾಡ್ಬೇಡಿ."

ತಾಯಿ ಮಗಳು ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದರು. ಮೂಳೆ ಸ್ವಲ್ಪ ಸವೆದಿತ್ತು, ಪುಣ್ಯಕ್ಕೆ ಬೇಕಾದಷ್ಟು ಉಳಿದಿತ್ತು. ಸ್ಕ್ರೂ ಕೂರಿಸಿದ ಮರುದಿನವೇ ಟೈಲರಮ್ಮ ಅಂಗಡಿಯಲ್ಲಿದ್ದ ಅತಿ ಸಣ್ಣ ಸೂಜಿ ಹುಡುಕಿ ತಂದು, "ಪೋಣಿಸು ನೋಡೋಣ" ಎಂದಳು. ಊದಿದ ತುಟಿಯ ಪುಟ್ಟಿ ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು. ಅಲ್ಲಿಗೆ ಕಣ್ಣಿನ ಮಾತು ಮುಗಿಯಿತು.

ಐದು ತಿಂಗಳ ನಂತರ ಹಲ್ಲು ಕೂರಿಸಿದರು. ಆಸ್ಪತ್ರೆಯ ಕುರ್ಚಿಯಲ್ಲೇ ನರ್ಸಮ್ಮ, "ಎಲ್ಲಿ, ಒಂದು ಸಲ ನಗು" ಎಂದರು. ಪುಟ್ಟಿ ನಕ್ಕಳು. ಆದರೆ ನಗು ಬರುವ ಮೊದಲೇ ಕೈ ಬಂದು ಬಾಯಿ ಮುಚ್ಚಿತ್ತು. ಟೈಲರಮ್ಮ ಆ ಕೈ ಎಳೆಯಲು ಹೋದಳು.

"ಬಿಡಿ" ಎಂದು ನರ್ಸಮ್ಮ ತಡೆದರು. "ಹಲ್ಲು ಬರೋಕೆ ಐದು ತಿಂಗಳು ಬೇಕಾಯ್ತು. ಕೈ ಇಳಿಯೋಕೂ ಸ್ವಲ್ಪ ದಿನ ಕೊಡಿ."

ಟೈಲರಮ್ಮ ಅಲ್ಲೇ ಗೋಡೆಗೆ ಒರಗಿ ಅತ್ತಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಪ್ಲಾಂಟ್ ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ. ದವಡೆಯ ಬೆಳವಣಿಗೆ ಮುಗಿಯದ ಮಕ್ಕಳು ಕಾಯಬೇಕು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ಬರಬೇಕು, ಬೀಡಿ ಸಿಗರೇಟು ತಂಬಾಕು ಬಿಡಬೇಕು. ಬೇರೆ ದಾರಿಗಳೂ ಇವೆ. ಖರ್ಚೆಷ್ಟು, ಎಷ್ಟು ಸಲ ಬರಬೇಕು ಎಂದು ದಂತವೈದ್ಯರನ್ನು ಮೊದಲೇ ಬಾಯ್ಬಿಟ್ಟು ಕೇಳಿ. ಹಾಕಿಸಿಕೊಂಡ ಮೇಲೆ ಸ್ವಂತ ಹಲ್ಲಿನಷ್ಟೇ ಚೆನ್ನಾಗಿ ಉಜ್ಜಿ. ಇನ್ನೊಂದು ಮಾತು: ಪೆಟ್ಟು ಬಿದ್ದು ಶಾಶ್ವತ ಹಲ್ಲು ಪೂರ್ತಿ ಹೊರಬಂದರೆ ಎಸೆಯಬೇಡಿ. ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಗಂಟೆಯೊಳಗೆ ಆಸ್ಪತ್ರೆಗೆ ಓಡಿ. ಎಷ್ಟೋ ಸಲ ಅದನ್ನೇ ಮತ್ತೆ ಕೂರಿಸಬಹುದು.

ನಿಮ್ಮ ಮನೆಯಲ್ಲೂ ನಗುವುದನ್ನು ನಿಲ್ಲಿಸಿದ ಒಂದು ಎಳೆಯ ಜೀವ ಇರಬಹುದು. ಹಲ್ಲಿನ ಆಸ್ಪತ್ರೆಗೆ ಈ ವಾರವೇ ಹೊರಡಿಸಿ. ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ನೀವೂ ಹೋಗಿ.